ಮೊಟ್ಟೆಯನ್ನು ಎಚ್ಚರಿಸುವ ಅಲೆ

ಕಪ್ಪೆಯ ಮೊಟ್ಟೆಯಿಂದ ಹಿಡಿದು ಮನುಷ್ಯನ ಅಂಡದವರೆಗೆ, ಜೀವದ ಮೊದಲ ಗಳಿಗೆಯಲ್ಲಿ ನಡೆಯುವ ಒಂದು ವಿಸ್ಮಯ

ಮುಂಗಾರಿನ ಮೊದಲ ಜಡಿಮಳೆ ಸುರಿದ ರಾತ್ರಿ ಚನ್ನರಾಯಪಟ್ಟಣದ ಸುತ್ತುಮುತ್ತಿನ ಕೆರೆಕಟ್ಟೆಗಳ ಬಳಿ ಮನೆಯಿರುವವರಿಗೆ ನಿದ್ರೆ ಹತ್ತುವುದು ಕಷ್ಟ. ಅದುವರೆಗೆ ಎಲ್ಲಿದ್ದುವೋ ತಿಳಿಯದ ಕಪ್ಪೆಗಳು ಒಮ್ಮೆಗೇ ಕೂಡಿ ಇರುಳೆಲ್ಲ ಕೂಗುತ್ತವೆ. ಬೆಳಗಾದ ಮೇಲೆ ಹೋಗಿ ನೋಡಿದರೆ, ಮಳೆಯ ನೀರು ನಿಂತ ಹೊಂಡಗಳಲ್ಲಿ ಲೋಳೆ ಸುತ್ತಿದ ಸಾಸಿವೆ ಗಾತ್ರದ ಮೊಟ್ಟೆಗಳು ನೂರುಗಟ್ಟಲೆ ಕಾಣುತ್ತವೆ. ಅನೇಕ ಜಾತಿಯ ಕಪ್ಪೆಗಳಲ್ಲಿ ಮೊಟ್ಟೆಯ ಒಂದು ಮಗ್ಗುಲು ಕಪ್ಪಾಗಿಯೂ ಮತ್ತೊಂದು ಮಗ್ಗುಲು ಬಿಳುಪಾಗಿಯೂ ಇರುತ್ತದೆ. ಹೆಣ್ಣು ಕಪ್ಪೆ ನೀರಿಗೆ ಬಿಟ್ಟ ಗಳಿಗೆಯಲ್ಲಿ ಈ ಮೊಟ್ಟೆಗಳು ಹೇಗೆ ಬಿದ್ದುವೋ ಹಾಗೆಯೇ ಇರುತ್ತವೆ. ಒಂದರ ಕಪ್ಪು ಮೇಲೆ, ಇನ್ನೊಂದರ ಕಪ್ಪು ಕೆಳಗೆ, ಮತ್ತೊಂದರದು ಓರೆಯಾಗಿ. ಅರ್ಧ ಗಂಟೆ ಕಳೆಯುವುದರೊಳಗಾಗಿ, ಯಾರೋ ಒಂದೊಂದನ್ನೂ ಹೊರಳಿಸಿ ಸರಿಪಡಿಸಿಟ್ಟಂತೆ, ಕಪ್ಪು ಮಗ್ಗುಲುಗಳೆಲ್ಲ ಮೇಲೆ ಬಂದಿರುತ್ತವೆ. ಹಾಗೆ ಹೊರಳಿದ ಮೊಟ್ಟೆ ಗೊದಮೊಟ್ಟೆಯಾಗುವ ದಾರಿ ಹಿಡಿಯಿತೆಂದು ತಿಳಿಯಬಹುದು. ಹೊರಳದೆ ಉಳಿದದ್ದು ಬಹುಮಟ್ಟಿಗೆ ಕೊಳೆತುಹೋಗುತ್ತದೆ.

ಆ ಅರ್ಧ ಗಂಟೆಯೊಳಗೆ ಮೊಟ್ಟೆಯಲ್ಲಿ ನಡೆದುದೇನು? ಈ ಪ್ರಶ್ನೆಯನ್ನು ಬೆನ್ನಟ್ಟಿ ಹೋದ ವಿಜ್ಞಾನಿಗಳು ನೂರು ವರ್ಷಗಳ ಹುಡುಕಾಟದ ಕೊನೆಯಲ್ಲಿ ಕಂಡುಕೊಂಡದ್ದು ಒಂದು ಅಲೆಯನ್ನು. ಅದು ನೀರಿನ ಅಲೆಯಲ್ಲ. ಕ್ಯಾಲ್ಸಿಯಂ ಎಂಬ ಮೂಲವಸ್ತುವಿನ ಅಲೆ. ಎಲೆ ಅಡಿಕೆಗೆ ಹಚ್ಚುವ ಸುಣ್ಣದಲ್ಲಿ, ಮೂಳೆಯಲ್ಲಿ, ಹಾಲಿನಲ್ಲಿ ಇರುವ ಕ್ಯಾಲ್ಸಿಯಮ್ಮೇ ಅದು. ವೀರ್ಯಾಣು ಮುಟ್ಟಿದ ಎಡೆಯಿಂದ ಹೊರಟು, ಮೊಟ್ಟೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಹರಿದುಹೋಗುವ ಈ ಅಲೆಯೇ ನಿದ್ರಿಸುತ್ತಿದ್ದ ಅಂಡವನ್ನು ಎಚ್ಚರಿಸುತ್ತದೆ.

ಕಾಯುತ್ತಿರುವ ಅಂಡ

ನಿದ್ರೆ ಎಂಬ ಮಾತು ಇಲ್ಲಿ ಬರಿಯ ಅಲಂಕಾರವಲ್ಲ. ಹೆಣ್ಣುಮಗು ಹುಟ್ಟುವ ಹೊತ್ತಿಗೇ ಅದರ ಒಡಲಿನಲ್ಲಿ ಅದರ ಜೀವಮಾನಕ್ಕೆ ಬೇಕಾದ ಅಂಡಗಳೆಲ್ಲವೂ ಸಿದ್ಧವಾಗಿರುತ್ತವೆ. ಅವು ಬೆಳವಣಿಗೆಯ ನಡುವೆ ಒಂದು ಹಂತದಲ್ಲಿ ನಿಂತು ಕಾಯುತ್ತವೆ. ಹನ್ನೆರಡು ವರ್ಷವೋ ನಾಲ್ವತ್ತು ವರ್ಷವೋ ಕಾಯುತ್ತವೆ. ಹೆಣ್ಣು ಪ್ರಾಯಕ್ಕೆ ಬಂದ ಮೇಲೆ ತಿಂಗಳಿಗೆ ಸಾಮಾನ್ಯವಾಗಿ ಒಂದರಂತೆ ಪಕ್ವವಾಗಿ ಹೊರಬಿದ್ದ ಅಂಡವೂ ಕೂಡಲೇ ಮುಂದುವರಿಯುವುದಿಲ್ಲ. ಇನ್ನೂ ಒಂದು ಹೆಜ್ಜೆ ಹೋಗಿ ಮತ್ತೆ ನಿಲ್ಲುತ್ತದೆ. ಮಿಲಿಮೀಟರಿನ ಹತ್ತರಲ್ಲೊಂದು ಪಾಲಿನಷ್ಟು ಅಗಲದ ಆ ಪುಟ್ಟ ಗೋಳ ಹೆಚ್ಚೆಂದರೆ ಒಂದು ದಿನದ ಮಟ್ಟಿಗೆ ಹೀಗೆ ಕಾದಿರಬಲ್ಲದು. ಅಷ್ಟರೊಳಗೆ ಎಬ್ಬಿಸುವವರು ಬಾರದಿದ್ದರೆ ಅದರ ಕಥೆ ಅಲ್ಲಿಗೆ ಮುಗಿಯಿತು. ಕಪ್ಪೆಯ ಮೊಟ್ಟೆ, ಹಸುವಿನ ಅಂಡ, ಮೀನಿನ ತತ್ತಿ ಎಲ್ಲವೂ ಇದೇ ಬಗೆಯಾಗಿ, ಅಗುಳಿ ಹಾಕಿದ ಬಾಗಿಲಿನ ಹಿಂದೆ ನಿಂತವರಂತೆ, ಕಾಯುತ್ತಿರುತ್ತವೆ.

ಎಬ್ಬಿಸುವುದು ಏನು ಎಂಬ ವಿಷಯದಲ್ಲಿ ಹಿಂದಿನವರ ಊಹೆಗಳು ಹಲವು. ನಮ್ಮ ಧರ್ಮಶಾಸ್ತ್ರಗಳು ಗಂಡನ್ನು ಬೀಜಕ್ಕೂ ಹೆಣ್ಣನ್ನು ಕ್ಷೇತ್ರಕ್ಕೂ ಹೋಲಿಸಿದವು. ಬಿತ್ತುವವನು ಗಂಡು, ಹೊಲ ಹೆಣ್ಣು. ಹೊಲ ತಾನಾಗಿ ಏನನ್ನೂ ಮಾಡುವುದಿಲ್ಲ. ಬಿದ್ದುದನ್ನು ಬೆಳೆಸುತ್ತದೆ, ಇಲ್ಲವೆ ಬರಡಾಗುತ್ತದೆ. ಯೂರೋಪಿನಲ್ಲಿಯೂ ಇದೇ ಬಗೆಯ ವಾದಗಳು ನಡೆದವು. ಹಾಲೆಂಡಿನ ಲೀವೆನ್‌ಹುಕ್ ೧೬೭೭ರಲ್ಲಿ ತನ್ನ ಸೂಕ್ಷ್ಮದರ್ಶಕದ ಕೆಳಗೆ ವೀರ್ಯಾಣುಗಳನ್ನು ಕಂಡ ಮೇಲೆ, ಇಡೀ ಮನುಷ್ಯನೇ ಅದರೊಳಗೆ ಮಡಿಸಿಕೊಂಡು ಕುಳಿತಿರುವನೆಂದು ಹೇಳಿದವರೂ ಉಂಟು. ಇಲ್ಲ, ಅಂಡದಲ್ಲಿಯೇ ಎಲ್ಲವೂ ಇದೆಯೆಂದು ಪಟ್ಟು ಹಿಡಿದವರೂ ಉಂಟು. ಜರ್ಮನಿಯ ಆಸ್ಕರ್ ಹರ್ಟ್ವಿಗ್ ೧೮೭೬ರಲ್ಲಿ, ಮೈಯೆಲ್ಲ ಮುಳ್ಳಿರುವ ಚೆಂಡಿನಾಕಾರದ ‘ಸೀ ಅರ್ಚಿನ್’ ಎಂಬ ಕಡಲಜೀವಿಯ ಅಂಡದಲ್ಲಿ, ತಂದೆಯ ಕೋಶಕೇಂದ್ರವೂ ತಾಯಿಯ ಕೋಶಕೇಂದ್ರವೂ ಒಂದಾಗುವುದನ್ನು ಕಣ್ಣಾರೆ ಕಂಡು ವರದಿಮಾಡಿದ. ಆನುವಂಶಿಕ ಗುಣಗಳು ಇಬ್ಬರಿಂದಲೂ ಬರುತ್ತವೆಂಬುದಕ್ಕೆ ಇದರಿಂದ ಗಟ್ಟಿಯಾದ ಆಧಾರ ಸಿಕ್ಕಿತು. ಆದರೆ ಎಚ್ಚರದ ಗುಟ್ಟು ಮಾತ್ರ ಹೊರಬೀಳಲಿಲ್ಲ.

ಆ ಗುಟ್ಟನ್ನು ಇನ್ನಷ್ಟು ಗೋಜಲಾಗಿಸಿದ ಎರಡು ಪ್ರಯೋಗಗಳು ಮುಂದೆ ನಡೆದವು. ೧೮೯೯ರಲ್ಲಿ ಅಮೆರಿಕದಲ್ಲಿ ಕೆಲಸಮಾಡುತ್ತಿದ್ದ ಜಾಕ್ವೆಸ್ ಲೋಬ್ ಸಮುದ್ರದ ನೀರಿನ ಉಪ್ಪಿನ ಪ್ರಮಾಣವನ್ನು ಬದಲಾಯಿಸಿ, ವೀರ್ಯಾಣುವಿನ ನೆರವೇ ಇಲ್ಲದೆ ಸೀ ಅರ್ಚಿನ್ ಅಂಡಗಳು ಬೆಳೆಯತೊಡಗುವಂತೆ ಮಾಡಿದ. ೧೯೧೦ರಲ್ಲಿ ಫ್ರಾನ್ಸಿನ ಬತಯೋನ್ ಕಪ್ಪೆಯ ಮೊಟ್ಟೆಯನ್ನು ರಕ್ತ ಸೋಕಿದ ಸೂಜಿಯಿಂದ ಮೆಲ್ಲನೆ ಚುಚ್ಚಿದ. ತಂದೆಯಿಲ್ಲದ ಗೊದಮೊಟ್ಟೆಗಳು ಹೊರಬಂದವು. ಅಂದರೆ ಬೆಳವಣಿಗೆಗೆ ಬೇಕಾದ ಸಾಮಗ್ರಿಯೂ ಸನ್ನಾಹವೂ ಅಂಡದಲ್ಲಿಯೇ ಇವೆ. ಬೇಕಾದದ್ದು ಬಾಗಿಲು ತಟ್ಟುವ ಒಂದು ಕೈ. ಹೊಲವೆಂದು ಭಾವಿಸಿದ್ದು ನಿಜಕ್ಕೂ ಕೀಲಿ ಕೊಟ್ಟು ಇಟ್ಟಿದ್ದ ಗಡಿಯಾರದಂತಿತ್ತು.

ಸುಣ್ಣದ ಸುಳಿವು

ತಟ್ಟುವ ಕೈ ಯಾವುದೆಂಬ ಸುಳಿವು ದೊರೆತದ್ದು ಬೇರೊಂದು ದಿಕ್ಕಿನಿಂದ. ೧೮೮೩ರಲ್ಲಿ ಲಂಡನ್ನಿನ ವೈದ್ಯ ಸಿಡ್ನಿ ರಿಂಗರ್ ಕಪ್ಪೆಯ ಹೃದಯವನ್ನು ಉಪ್ಪುನೀರಿನಲ್ಲಿಟ್ಟು ಅದರ ಬಡಿತವನ್ನು ಅಭ್ಯಸಿಸುತ್ತಿದ್ದರು. ಮೊದಲು ಚೆನ್ನಾಗಿ ಬಡಿಯುತ್ತಿದ್ದ ಹೃದಯ, ಶುದ್ಧವಾದ ಬಟ್ಟಿಯಿಳಿಸಿದ ನೀರನ್ನು ಬಳಸಿದಾಗ ಬೇಗನೆ ನಿಂತುಹೋಯಿತು. ವಿಚಾರಿಸಲಾಗಿ, ಮೊದಲಿನ ದ್ರಾವಣವನ್ನು ಊರಿನ ನಲ್ಲಿಯ ನೀರಿನಿಂದ ತಯಾರಿಸಲಾಗಿತ್ತೆಂದು ತಿಳಿಯಿತು. ಆ ನಲ್ಲಿಯ ನೀರಿನಲ್ಲಿದ್ದ ಸುಣ್ಣದಂಶವೇ ಹೃದಯವನ್ನು ಬಡಿಸುತ್ತಿತ್ತು! ಮೂಳೆ ಹಲ್ಲುಗಳನ್ನು ಕಟ್ಟುವ ಗಾರೆಯೆಂದು ಮಾತ್ರ ತಿಳಿದಿದ್ದ ಕ್ಯಾಲ್ಸಿಯಂ, ಜೀವಕೋಶಗಳಿಗೆ ಆಜ್ಞೆ ತಲಪಿಸುವ ದೂತನೂ ಹೌದೆಂಬ ಅರಿವು ಅಂದಿನಿಂದ ಮೆಲ್ಲಮೆಲ್ಲನೆ ಬೆಳೆಯಿತು. ೧೯೩೭ರಲ್ಲಿ ಡೇನಿಯಲ್ ಮೇಜಿಯಾ, ಸೀ ಅರ್ಚಿನ್ ಅಂಡವು ಫಲಿತವಾದಾಗ ಅದರೊಳಗೆ ಬಂಧನದಲ್ಲಿದ್ದ ಕ್ಯಾಲ್ಸಿಯಂ ಬಿಡುಗಡೆಯಾಗುತ್ತದೆಂದು ತೋರಿಸಿದರು. ಆದರೂ ಅದನ್ನು ಕಣ್ಣಿನಿಂದ ಕಂಡವರಿರಲಿಲ್ಲ.

ಕಾಣಿಸಿದ್ದು ಒಂದು ಲೋಳೆಮೀನು. ಜಪಾನಿನ ಓಸಾಮು ಶಿಮೊಮುರ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ, ಕತ್ತಲಲ್ಲಿ ಮಿನುಗುವ ಲೋಳೆಮೀನುಗಳ ಬೆಳಕಿನ ಮೂಲವನ್ನು ಹುಡುಕುತ್ತಿದ್ದರು. ಪ್ರಯತ್ನಗಳೆಲ್ಲ ವಿಫಲವಾಗುತ್ತಿರಲು, ಒಂದು ದಿನ ಉಳಿದ ರಸವನ್ನು ಕೈತೊಟ್ಟಿಗೆ ಚೆಲ್ಲಿದರು. ತೊಟ್ಟಿಯೊಳಗೆ ಫಕ್ಕನೆ ನೀಲಿ ಬೆಳಕು ಹೊಳೆಯಿತು. ತೊಟ್ಟಿಗೆ ಹರಿದುಬರುತ್ತಿದ್ದ ಸಮುದ್ರದ ನೀರಿನ ಕ್ಯಾಲ್ಸಿಯಮ್ಮೇ ಅದನ್ನು ಬೆಳಗಿಸಿತ್ತು. ಸುಮಾರು ೧೦,೦೦೦ ಲೋಳೆಮೀನುಗಳಿಂದ ಕೆಲವೇ ಮಿಲಿಗ್ರಾಂಗಳಷ್ಟು ಪ್ರೋಟೀನನ್ನು ಬೇರ್ಪಡಿಸಿ, ೧೯೬೨ರಲ್ಲಿ ಅವರು ಅದನ್ನು ಪ್ರಕಟಪಡಿಸಿದರು. ‘ಈಕ್ವೊರಿನ್’ ಎಂದು ಅದರ ಹೆಸರು. ಕ್ಯಾಲ್ಸಿಯಂ ಎಲ್ಲಿದೆಯೋ ಅಲ್ಲಿ ಬೆಳಗುವ ದೀಪ ವಿಜ್ಞಾನಿಗಳ ಕೈಗೆ ಬಂದಿತು. ಇದೇ ಲೋಳೆಮೀನಿನಿಂದ ದೊರೆತ ಇನ್ನೊಂದು ಪ್ರೋಟೀನಿಗಾಗಿ ೨೦೦೮ರಲ್ಲಿ ಶಿಮೊಮುರ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು.

ಅಮೆರಿಕದ ಲಯೊನೆಲ್ ಜ್ಯಾಫ್, ರಿಜ್‌ವೇ, ಗಿಲ್ಕಿ ಮತ್ತು ಸಂಗಡಿಗರು ಜಪಾನಿನ ಭತ್ತದ ಗದ್ದೆಗಳಲ್ಲಿ ವಾಸಿಸುವ ‘ಮೆಡಕ’ ಎಂಬ ಪುಟ್ಟ ಮೀನಿನ ಮೊಟ್ಟೆಯೊಳಕ್ಕೆ ಈ ಈಕ್ವೊರಿನ್ನನ್ನು ತುಂಬಿದರು. ಕತ್ತಲ ಕೋಣೆಯಲ್ಲಿ, ಮಂದ ಬೆಳಕನ್ನೂ ಹಿಡಿಯಬಲ್ಲ ಯಂತ್ರದ ಮುಂದೆ ಅದನ್ನಿಟ್ಟು ವೀರ್ಯಾಣುಗಳನ್ನು ಬಿಟ್ಟರು. ವೀರ್ಯಾಣು ಹೊಕ್ಕ ಎಡೆಯಲ್ಲಿ ಬೆಳಕಿನ ಚುಕ್ಕೆಯೊಂದು ಮೂಡಿತು. ಚುಕ್ಕೆ ಹಿಗ್ಗಿ ಉಂಗುರವಾಯಿತು. ಉಂಗುರ ಮೊಟ್ಟೆಯ ಮೈಮೇಲೆ ಸರಿಯುತ್ತ ಹೋಗಿ ಎದುರು ತುದಿಯಲ್ಲಿ ಕೂಡಿಕೊಂಡು ಮಾಯವಾಯಿತು. ಇದಕ್ಕೆ ಹಿಡಿದದ್ದು ಎರಡು ಮೂರು ನಿಮಿಷ. ೧೯೭೭ ಮತ್ತು ೧೯೭೮ರಲ್ಲಿ ಪ್ರಕಟವಾದ ಈ ವರದಿಗಳೊಡನೆ, ಜೀವದ ಮೊದಲ ಅಲೆ ಮನುಷ್ಯನ ಅರಿವಿಗೆ ನೇರವಾಗಿ ಬಂದಿತು.

ದೀಪದಿಂದ ದೀಪಕ್ಕೆ

ಈ ಅಲೆ ಹರಿಯುವ ಬಗೆ ವಿಚಿತ್ರವಾದುದು. ಶ್ರವಣಬೆಳಗೊಳದ ಕಲ್ಯಾಣಿಗೆ ಒಂದು ಕಲ್ಲನ್ನು ಎಸೆದರೆ ಏಳುವ ತರಂಗ ದೂರ ಹೋದಂತೆಲ್ಲ ಸಣ್ಣದಾಗುತ್ತದೆ; ಮೆಟ್ಟಲನ್ನು ಮುಟ್ಟುವ ವೇಳೆಗೆ ಗುರುತೇ ಸಿಗದಷ್ಟು ಕ್ಷೀಣಿಸುತ್ತದೆ. ಅಂಡದ ಅಲೆ ಹಾಗಲ್ಲ. ಹೊರಟಾಗ ಎಷ್ಟು ಬಲವೋ ತುದಿ ಮುಟ್ಟುವಾಗಲೂ ಬಹುಮಟ್ಟಿಗೆ ಅಷ್ಟೇ ಬಲ. ಹೊಳೆನರಸೀಪುರದಂತಹ ಊರುಗಳ ದೇವಾಲಯಗಳಲ್ಲಿ ಕಾರ್ತಿಕ ಮಾಸದಲ್ಲಿ ದೀಪ ಹಚ್ಚುವುದನ್ನು ಕಂಡವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಒಂದು ಹಣತೆಯಿಂದ ಮುಂದಿನ ಹಣತೆಗೆ, ಅದರಿಂದ ಮುಂದಿನದಕ್ಕೆ ಉರಿ ಹೊತ್ತಿಸುತ್ತ ಹೋದರೆ ನೂರನೆಯ ದೀಪವೇನೂ ಮೊದಲನೆಯದಕ್ಕಿಂತ ಮಂಕಾಗಿರುವುದಿಲ್ಲ. ಏಕೆಂದರೆ ಪ್ರತಿ ಹಣತೆಯಲ್ಲಿಯೂ ಅದರದೇ ಎಣ್ಣೆ ಇದೆ. ದಾಟಿಹೋಗುವುದು ಕಿಡಿ ಮಾತ್ರ.

ಅಂಡದಲ್ಲಿ ಎಣ್ಣೆಯ ಸ್ಥಾನದಲ್ಲಿರುವುದು ಕ್ಯಾಲ್ಸಿಯಂ. ಅಂಡದ ಒಳರಸದಲ್ಲಿ ಬಿಡಿಯಾಗಿ ತಿರುಗಾಡುವ ಕ್ಯಾಲ್ಸಿಯಂ ಅತ್ಯಲ್ಪ. ರಕ್ತದಲ್ಲಿರುವುದರ ಸುಮಾರು ೧೦,೦೦೦ದಲ್ಲೊಂದು ಪಾಲು. ಉಳಿದುದನ್ನೆಲ್ಲ ಅಂಡವು ತನ್ನೊಳಗೆ ಬಲೆಯಂತೆ ಹರಡಿಕೊಂಡಿರುವ ತೆಳುಪೊರೆಯ ಉಗ್ರಾಣಗಳಲ್ಲಿ ಕೂಡಿಟ್ಟಿರುತ್ತದೆ. ಆ ಉಗ್ರಾಣಗಳಿಗೆ ಲೆಕ್ಕವಿಲ್ಲದಷ್ಟು ಕಿರುಬಾಗಿಲುಗಳು. ವೀರ್ಯಾಣು ಬಂದು ಕೂಡಿದಾಗ ಹುಟ್ಟುವ ಒಂದು ಸಣ್ಣ ರಾಸಾಯನಿಕ ವಸ್ತು ಮೊದಲ ಕೆಲವು ಬಾಗಿಲುಗಳನ್ನು ತೆರೆಯುತ್ತದೆ. ಹೊರಕ್ಕೆ ನುಗ್ಗಿದ ಕ್ಯಾಲ್ಸಿಯಂ ತಾನೇ ಹೋಗಿ ಪಕ್ಕದ ಬಾಗಿಲನ್ನು ತೆರೆಸುತ್ತದೆ; ಅಲ್ಲಿಂದ ಬಂದುದು ಅದರ ಪಕ್ಕದ್ದನ್ನು. ಹೀಗೆ ಸೆಕೆಂಡಿಗೆ ಮಿಲಿಮೀಟರಿನ ನೂರರಲ್ಲೊಂದು ಪಾಲಿನ ಆಸುಪಾಸಿನ ವೇಗದಲ್ಲಿ ಅಲೆ ಸಾಗುತ್ತದೆ. ಅಲೆ ದಾಟಿದ ಹಿಂದೆಯೇ ಅಂಡದ ಪಂಪುಗಳು ಚೆಲ್ಲಿದ ಕ್ಯಾಲ್ಸಿಯಮ್ಮನ್ನು ಮರಳಿ ಉಗ್ರಾಣಕ್ಕೆ ತುಂಬುತ್ತವೆ. ಸೀ ಅರ್ಚಿನ್ನಿನ ಪುಟ್ಟ ಅಂಡವನ್ನು ದಾಟಲು ಅಲೆಗೆ ಅರ್ಧ ನಿಮಿಷ ಸಾಕು. ಸಾಸಿವೆ ಗಾತ್ರದ ಕಪ್ಪೆಯ ಮೊಟ್ಟೆಗೆ ಕೆಲವು ನಿಮಿಷಗಳು ಬೇಕು.

ಅಲೆ ಮಾಡುವ ಮೊದಲ ಕೆಲಸ ಬಾಗಿಲು ಮುಚ್ಚುವುದು. ಅಂಡದ ಅಂಚಿನಲ್ಲಿ ಸಾವಿರಾರು ಸಣ್ಣ ಚೀಲಗಳು ಸಾಲಾಗಿ ಕಾದಿರುತ್ತವೆ. ಕ್ಯಾಲ್ಸಿಯಂ ಸೋಕಿದೊಡನೆ ಅವು ಒಡೆದು, ಒಳಗಿನ ದ್ರವ್ಯವನ್ನು ಹೊರಕ್ಕೆ ಸುರಿಯುತ್ತವೆ. ಅದರಿಂದ ಅಂಡದ ಹೊರಪೊರೆ ಮೇಲೆದ್ದು ಗಟ್ಟಿಯಾಗಿ, ತಡವಾಗಿ ಬಂದ ವೀರ್ಯಾಣುಗಳಿಗೆ ದಾರಿಯಿಲ್ಲದಂತಾಗುತ್ತದೆ. ಕಪ್ಪೆಯಲ್ಲಿಯೂ ಮನುಷ್ಯನಲ್ಲಿಯೂ ಎರಡು ವೀರ್ಯಾಣುಗಳು ಒಳಹೊಕ್ಕರೆ ಆನುವಂಶಿಕ ಸಾಮಗ್ರಿಯ ಲೆಕ್ಕ ತಪ್ಪಿ ಭ್ರೂಣ ಉಳಿಯುವುದಿಲ್ಲ. ಕಪ್ಪೆಯ ಮೊಟ್ಟೆಯಲ್ಲಿ ಹೀಗೆ ಪೊರೆ ಮೇಲೆದ್ದಾಗ ಒಳಗಿನ ಗೋಳ ಅಂಟು ಬಿಟ್ಟು ಸಡಿಲವಾಗುತ್ತದೆ. ಆಗ ಭಾರವಾದ ಬಿಳಿ ಮಗ್ಗುಲು ಕೆಳಕ್ಕೂ ಹಗುರವಾದ ಕಪ್ಪು ಮಗ್ಗುಲು ಮೇಲಕ್ಕೂ ತಿರುಗುತ್ತವೆ. ಮಳೆಯ ಹೊಂಡದಲ್ಲಿ ಮೊಟ್ಟೆಗಳು ಹೊರಳುವುದರ ಗುಟ್ಟು ಇಷ್ಟೇ. ಬರಿಗಣ್ಣಿಗೆ ಕಾಣದ ಅಲೆ ಹಾದುಹೋದುದಕ್ಕೆ ಬರಿಗಣ್ಣಿಗೆ ಕಾಣುವ ಗುರುತು ಅದು.

ಎರಡನೆಯ ಕೆಲಸ ಅಗುಳಿ ತೆಗೆಯುವುದು. ಅಂಡವನ್ನು ನಡುದಾರಿಯಲ್ಲಿ ತಡೆದು ನಿಲ್ಲಿಸಿದ್ದ ಪ್ರೋಟೀನುಗಳನ್ನು ಕ್ಯಾಲ್ಸಿಯಂ ನಾಶಪಡಿಸುತ್ತದೆ. ನಿಂತಿದ್ದ ಕೋಶವಿಭಜನೆ ಮುಂದುವರಿಯುತ್ತದೆ. ತಾಯಿ ಮುಂಚಿತವಾಗಿಯೇ ಬರೆದಿಟ್ಟಿದ್ದ ಆಜ್ಞೆಗಳನ್ನು ಅಂಡವು ಓದತೊಡಗುತ್ತದೆ. ತಂದೆತಾಯಿಗಳ ಕೋಶಕೇಂದ್ರಗಳು ಹತ್ತಿರ ಬರುತ್ತವೆ. ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ.

ಇನ್ನೊಂದು ಸೋಜಿಗವೂ ಉಂಟು. ಮಾಗಿದ ಹಲಸು ಬಾಳೆಗಳಿಗೆ ಮುತ್ತುವ ಹಣ್ಣಿನ ನೊಣದ ತತ್ತಿಯಲ್ಲಿಯೂ ಇಂತಹ ಅಲೆ ಏಳುತ್ತದೆಂದು ೨೦೧೫ರಲ್ಲಿ ತಿಳಿದುಬಂದಿತು. ಅಲ್ಲಿ ಅದನ್ನು ಎಬ್ಬಿಸುವುದು ವೀರ್ಯಾಣುವಲ್ಲ. ತಾಯಿಯ ಒಡಲಿನ ಇಕ್ಕಟ್ಟಾದ ನಾಳದಲ್ಲಿ ತತ್ತಿ ಜಾರಿಬರುವಾಗ ಆಗುವ ಒತ್ತಡ. ಕಿಡಿ ಬೇರೆಯಾದರೂ ಎಣ್ಣೆ ಅದೇ, ಉರಿಯೂ ಅದೇ.

ರಾಮನಾಥಪುರದ ಮೀನು, ಕೆರೆಯ ಗೆಂಡೆ

ಇಷ್ಟೆಲ್ಲ ತಿಳಿದುದರಿಂದ ಲಾಭವೇನೆಂದು ಕೇಳುವವರಿಗೆ ಮೀನು ಸಾಕುವವರ ಅನುಭವವೇ ಉತ್ತರ ಹೇಳುತ್ತದೆ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ಮಡುವಿನ ಮಹಶೀರ್ ಮೀನುಗಳನ್ನು ಯಾತ್ರಿಕರು ದೇವರ ಮೀನುಗಳೆಂದು ಭಾವಿಸಿ ಪುರಿ ಹಾಕಿ ಸಲಹುವುದು ಬಹುಕಾಲದಿಂದ ಬಂದ ಪದ್ಧತಿ. ಅಲ್ಲಿ ಮೀನುಗಳು ತಾವಾಗಿ ಬಾಳುತ್ತವೆ. ಆದರೆ ಕೆರೆಗಳಿಗೂ, ಗೊರೂರಿನಲ್ಲಿ ೧೯೭೯ರಲ್ಲಿ ಮುಗಿದ ಹೇಮಾವತಿಯ ಅಣೆಕಟ್ಟಿನ ಹಿಂದೆ ನಿಂತ ವಿಶಾಲವಾದ ನೀರಿಗೂ ಬಿತ್ತಲು ಮೀನಿನ ಮರಿಗಳು ಬೇಕಾದರೆ ಹೊಳೆಯನ್ನೇ ನೆಚ್ಚಿ ಕೂರುವಂತಿಲ್ಲ. ಕಾಟ್ಲ, ರೋಹುಗಳು ನಿಂತ ಕೆರೆಯ ನೀರಿನಲ್ಲಿ ಸಾಮಾನ್ಯವಾಗಿ ಮೊಟ್ಟೆಯಿಡುವುದಿಲ್ಲ.

ಈ ತೊಡಕನ್ನು ಬಿಡಿಸುವುದರಲ್ಲಿ ಕನ್ನಡನಾಡಿನ ಪಾಲೂ ಇದೆ. ಬೆಂಗಳೂರಿನಲ್ಲಿ ಪ್ರೊಫೆಸರ್ ಎಲ್. ಎಸ್. ರಾಮಸ್ವಾಮಿ ಮತ್ತು ಬಿ. ಐ. ಸುಂದರರಾಜ್ ಅವರು, ಮೆದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ ಚೇಳುಮೀನು ಮೊಟ್ಟೆಯಿಡುವಂತೆ ಮಾಡಿದ ವರದಿಯನ್ನು ೧೯೫೬ರಲ್ಲಿ ಪ್ರಕಟಿಸಿದರು. ೧೯೫೭ರ ಜುಲೈ ೧೦ರಂದು ಒರಿಸ್ಸದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧರಿ ಮತ್ತು ಕೆ. ಎಚ್. ಆಳಿಕುಂಞಿ ಅವರು ಇದೇ ಮಾರ್ಗದಿಂದ ಗೆಂಡೆ ಜಾತಿಯ ಮೀನುಗಳನ್ನು ಮೊಟ್ಟೆಯಿಡಿಸಿದರು. ಆ ದಿನವನ್ನು ದೇಶದಲ್ಲಿ ಮೀನುಕೃಷಿಕರ ದಿನವೆಂದು ಆಚರಿಸಲಾಗುತ್ತಿದೆ.

ಮೊಟ್ಟೆ ಬಂದ ಮೇಲೆ ಅಲೆಯ ಕೆಲಸ. ಗೆಂಡೆ ಜಾತಿಯ ಅನೇಕ ಮೀನುಗಳ ಮೊಟ್ಟೆಗೆ ವೀರ್ಯಾಣು ಒಳಹೋಗಲು ಇರುವುದು ಒಂದೇ ಒಂದು ಸೂಜಿರಂಧ್ರ. ಸಿಹಿನೀರು ಸೋಕಿದರೆ ಸಾಕು, ಮೊಟ್ಟೆಯೊಳಗೆ ಕ್ಯಾಲ್ಸಿಯಂ ಏಳುತ್ತದೆ; ಹೊರಪೊರೆ ಉಬ್ಬುತ್ತದೆ; ಸ್ವಲ್ಪ ಹೊತ್ತಿನಲ್ಲೇ ಆ ರಂಧ್ರ ಮುಚ್ಚಿಹೋಗುತ್ತದೆ. ವೀರ್ಯಾಣುಗಳೂ ನೀರಿಗೆ ಬಿದ್ದ ಮೇಲೆ ಒಂದೆರಡು ನಿಮಿಷಕ್ಕಿಂತ ಹೆಚ್ಚು ಕಾಲ ಈಜಲಾರವು. ಆದ್ದರಿಂದಲೇ ಬೆಳ್ಳಿಗೆಂಡೆ, ಹುಲ್ಲುಗೆಂಡೆ, ಮಹಶೀರ್‌ಗಳ ಮೊಟ್ಟೆಯನ್ನು ಕೈಯಿಂದ ಹಿಂಡಿ ತೆಗೆಯುವಾಗ ಒಣ ಪಾತ್ರೆಯಲ್ಲಿ ಹಿಡಿದು, ಗಂಡಿನ ಹಾಲನ್ನು ಅದರ ಮೇಲೆ ಹಿಂಡಿ, ಹಕ್ಕಿಯ ಗರಿಯಿಂದ ಮೆಲ್ಲನೆ ಕಲಸಿ, ಆಮೇಲೆಯೇ ನೀರು ಹಾಕುತ್ತಾರೆ. ಮೊದಲೇ ನೀರು ಬಿದ್ದರೆ ಬಾಗಿಲು ಮುಚ್ಚಿದ ಮನೆಯ ಮುಂದೆ ನೆಂಟರು ನಿಂತಂತಾಗುತ್ತದೆ. ಈ ಒಣ ವಿಧಾನವನ್ನು ರಷ್ಯದಲ್ಲಿ ೧೯ನೆಯ ಶತಮಾನದ ಮಧ್ಯದಲ್ಲಿಯೇ ಕಂಡುಕೊಂಡಿದ್ದರು. ಅದೇಕೆ ಫಲಕೊಡುತ್ತದೆಂಬುದನ್ನು ವಿವರಿಸಿದ್ದು ಮಾತ್ರ ನೂರಕ್ಕೂ ಹೆಚ್ಚು ವರ್ಷಗಳ ಅನಂತರ ಕಂಡ ಈ ಅಲೆ.

ತಂದೆಯ ಕಿಡಿ, ತಾಯಿಯ ಭಂಡಾರ

ಹಾಲು ಕೊಡುವ ಪ್ರಾಣಿಗಳ ವಿಷಯ ಇನ್ನೂ ಸ್ವಾರಸ್ಯವಾದುದು. ಹಾಸನದ ಸುತ್ತಿನ ಹಳ್ಳಿಗಳಲ್ಲಿ ಹಸು ಗಬ್ಬ ನಿಲ್ಲುವುದೆಂದರೆ ಒಂದು ಮನೆಯ ವರ್ಷದ ಸಂಪಾದನೆಯ ಮಾತು. ದ್ರವ ಸಾರಜನಕದ ಕೊರೆಯುವ ಚಳಿಯಲ್ಲಿ ಕೂಡಿಟ್ಟ ಹೋರಿಯ ವೀರ್ಯದಿಂದ ಕೃತಕ ಗರ್ಭಧಾರಣೆ ಮಾಡಿಸುವ ರೈತ, ಇಪ್ಪತ್ತೊಂದು ದಿನಗಳ ಕಾಲ ಹಸು ಮತ್ತೆ ಬೆದೆಗೆ ಬರುವುದೋ ಇಲ್ಲವೋ ಎಂದು ಕಾಯುತ್ತಾನೆ. ಆ ಹಸುವಿನ ಅಂಡದಲ್ಲಿ ಏಳುವುದು ಒಂದೇ ಅಲೆಯಲ್ಲ. ಒಂದು ಬಂದು ಇಳಿದ ಮೇಲೆ ಇನ್ನೊಂದು, ಅದರ ಹಿಂದೆ ಮತ್ತೊಂದು, ಹೀಗೆ ಗಂಟೆಗಟ್ಟಲೆ ಕ್ಯಾಲ್ಸಿಯಂ ಏರುತ್ತ ಇಳಿಯುತ್ತ ಇರುತ್ತದೆ. ಇಲಿಯ ಅಂಡದಲ್ಲಿ ಸುಮಾರು ಹತ್ತು ನಿಮಿಷಕ್ಕೊಮ್ಮೆಯಂತೆ ಮೂರು ನಾಲ್ಕು ಗಂಟೆ. ಮನುಷ್ಯನ ಅಂಡದಲ್ಲಿ ಇನ್ನೂ ನಿಧಾನವಾಗಿ. ಮಲಗಿದ ಮಗುವನ್ನು ಎಬ್ಬಿಸುವ ತಾಯಿ ಒಂದೇ ಸಲ ಕೂಗಿ ಸುಮ್ಮನಾಗುವುದಿಲ್ಲವಷ್ಟೆ!

ಈ ಕರೆಯನ್ನು ಹೊರಡಿಸುವುದು ಯಾವುದು? ಬಹುಕಾಲ ವಾದಕ್ಕೆ ಗುರಿಯಾಗಿದ್ದ ಈ ಪ್ರಶ್ನೆಗೆ ೨೦೦೨ರಲ್ಲಿ ಬ್ರಿಟನ್ನಿನಲ್ಲಿ ಕಾರ್ಲ್ ಸ್ವಾನ್, ಟೋನಿ ಲಾಯ್ ಮತ್ತು ಸಂಗಡಿಗರು ಉತ್ತರ ಕೊಟ್ಟರು. ವೀರ್ಯಾಣುವು ತನ್ನೊಂದಿಗೆ ಒಂದು ವಿಶೇಷ ಪ್ರೋಟೀನನ್ನು ಹೊತ್ತು ತರುತ್ತದೆ. ಅದರ ಹೆಸರು ‘ಪಿಎಲ್‌ಸಿ ಜೀಟಾ’. ವೀರ್ಯಾಣು ಅಂಡದೊಡನೆ ಬೆರೆತಾಗ ಈ ಪ್ರೋಟೀನು ಒಳಗೆ ಬಿಡುಗಡೆಯಾಗಿ, ಉಗ್ರಾಣದ ಬಾಗಿಲು ತೆರೆಯುವ ವಸ್ತುವನ್ನು ಹುಟ್ಟಿಸುತ್ತದೆ. ವೀರ್ಯಾಣುವೇ ಇಲ್ಲದೆ ಈ ಪ್ರೋಟೀನನ್ನು ಮಾತ್ರ ಇಲಿಯ ಅಂಡದಲ್ಲಿ ಉಂಟುಮಾಡಿದಾಗಲೂ ಅಲೆಗಳು ತಾವಾಗಿ ಎದ್ದವು.

ಬೀಜ ಕ್ಷೇತ್ರಗಳ ಹಳೆಯ ಹೋಲಿಕೆ ಇಲ್ಲಿಗೆ ಮುರಿದುಬೀಳುತ್ತದೆ. ಅಂಡ ಬರಿಯ ಹೊಲವಲ್ಲ. ಕ್ಯಾಲ್ಸಿಯಮ್ಮಿನ ಭಂಡಾರ, ಅದರ ಬಾಗಿಲುಗಳು, ಅಲೆಯನ್ನು ಸಾಗಿಸುವ ಏರ್ಪಾಡು, ಎಚ್ಚತ್ತ ಮೇಲೆ ಓದಬೇಕಾದ ಆಜ್ಞೆಗಳು, ಎಲ್ಲವನ್ನೂ ತಾಯಿ ವರ್ಷಗಟ್ಟಲೆ ಮೊದಲೇ ಸಿದ್ಧಪಡಿಸಿಟ್ಟಿದ್ದಾಳೆ. ವೀರ್ಯಾಣುವೂ ಬರಿಯ ಬೀಜವಲ್ಲ. ಆನುವಂಶಿಕ ಸಾಮಗ್ರಿಯೊಡನೆ ಅದು ಕಿಡಿಯನ್ನೂ ತರಬೇಕು. ಭಂಡಾರವಿದ್ದೂ ಕಿಡಿಯಿಲ್ಲದಿದ್ದರೆ ದೀಪ ಹತ್ತದು. ಕಿಡಿಯಿದ್ದೂ ಎಣ್ಣೆ ಒಣಗಿದ್ದರೆ ಆಗಲೂ ಹತ್ತದು.

ಮಕ್ಕಳಿಲ್ಲದ ಮನೆಯಲ್ಲಿ

ಮದುವೆಯಾಗಿ ನಾಲ್ಕು ವರ್ಷ ಕಳೆದರೂ ತೊಟ್ಟಿಲು ಕಟ್ಟದಿದ್ದ ಮನೆಯಲ್ಲಿ ಸೊಸೆಯ ಪಾಡೇನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅರಳಿಕಟ್ಟೆಯ ನಾಗರಕಲ್ಲುಗಳಿಗೆ ಪ್ರದಕ್ಷಿಣೆ ಹಾಕುವವಳು ಅವಳು. ರಾಮನಾಥಪುರದ ಸುಬ್ರಹ್ಮಣ್ಯನಿಗೆ ಹರಕೆ ಹೊತ್ತು ಉಪವಾಸವಿರುವವಳು ಅವಳು. ಸೀಮಂತದ ಮನೆಯಲ್ಲಿ ಆರತಿಯ ತಟ್ಟೆ ಹಿಡಿಯಲು ಹಿಂಜರಿದು ಮೂಲೆಯಲ್ಲಿ ನಿಲ್ಲುವವಳು ಅವಳು. ಬಂಜೆ ಎಂಬ ಮಾತಿಗೆ ಆಡುನುಡಿಯಲ್ಲಿ ಸಮನಾದ ಗಂಡುರೂಪ ಬಳಕೆಗೆ ಬರಲಿಲ್ಲವೆಂಬುದನ್ನು ಗಮನಿಸಿದರೆ, ತಪ್ಪು ಯಾರದೆಂದು ಸಮಾಜ ವಿಚಾರಣೆಗೆ ಮೊದಲೇ ತೀರ್ಮಾನಿಸಿಬಿಟ್ಟಿತ್ತೆಂದು ತಿಳಿಯುತ್ತದೆ. ದೇವರಲ್ಲಿ ಇಟ್ಟ ನಂಬಿಕೆ ಮನಸ್ಸಿಗೆ ಧೈರ್ಯ ಕೊಡುವುದಾದರೆ ಅದನ್ನು ಹಳಿಯಬೇಕಾದ ಕಾರಣವಿಲ್ಲ. ಆದರೆ ಆ ಭಾರವನ್ನೆಲ್ಲ ಒಬ್ಬಳ ತಲೆಯ ಮೇಲೆಯೇ ಹೊರಿಸುವುದಕ್ಕೆ ಜೀವಶಾಸ್ತ್ರದ ಸಮ್ಮತಿಯಿಲ್ಲ.

ಪ್ರಯೋಗಾಲಯದಲ್ಲಿ ಅಂಡವನ್ನು ಫಲಿಸುವ ವಿದ್ಯೆ ಈ ಮಾತಿಗೆ ಪ್ರತ್ಯಕ್ಷ ಸಾಕ್ಷಿಯನ್ನು ಒದಗಿಸಿದೆ. ಜಗತ್ತಿನ ಮೊದಲ ಪ್ರನಾಳ ಶಿಶು ೧೯೭೮ರ ಜುಲೈ ೨೫ರಂದು ಇಂಗ್ಲೆಂಡಿನಲ್ಲಿ ಹುಟ್ಟಿತು. ಅದೇ ವರ್ಷದ ಅಕ್ಟೋಬರ್ ೩ರಂದು ಕಲ್ಕತ್ತದಲ್ಲಿ ಡಾಕ್ಟರ್ ಸುಭಾಷ್ ಮುಖರ್ಜಿಯವರ ಪ್ರಯತ್ನದಿಂದ ಭಾರತದ ಮೊದಲ ಪ್ರನಾಳ ಶಿಶು ಜನಿಸಿತು. ಅವರ ಮಾತನ್ನು ಅಂದು ನಂಬುವವರಿಲ್ಲದೆ ಹೋಯಿತು. ಮನನೊಂದ ಮುಖರ್ಜಿ ೧೯೮೧ರಲ್ಲಿ ಪ್ರಾಣತ್ಯಾಗ ಮಾಡಿದರು. ೧೯೮೬ರ ಆಗಸ್ಟ್ ೬ರಂದು ಬೊಂಬಾಯಿಯಲ್ಲಿ ಡಾಕ್ಟರ್ ಇಂದಿರಾ ಹಿಂದುಜಾ ಅವರೊಡನೆ ಇಂತಹ ಶಿಶುವಿನ ಜನನಕ್ಕೆ ಕಾರಣರಾಗಿ ಕೀರ್ತಿ ಪಡೆದ ವಿಜ್ಞಾನಿ ಟಿ. ಸಿ. ಆನಂದಕುಮಾರ್, ಮುಂದೆ ಮುಖರ್ಜಿಯವರ ಟಿಪ್ಪಣಿಗಳನ್ನು ಪರಿಶೀಲಿಸಿ, ಮೊದಲಿಗನ ಪಟ್ಟ ತಮಗಲ್ಲ, ಆ ಬಂಗಾಳದ ವೈದ್ಯರಿಗೆ ಸಲ್ಲಬೇಕೆಂದು ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ೧೯೯೭ರಲ್ಲಿ ಬರೆದರು. ತನಗೆ ಸಂದ ಗೌರವವನ್ನು ತಾನೇ ಕಳಚಿ ಇನ್ನೊಬ್ಬರಿಗೆ ತೊಡಿಸಿದ ಇಂತಹ ಪ್ರಸಂಗ ವಿಜ್ಞಾನದ ಚರಿತ್ರೆಯಲ್ಲಿ ಅಪರೂಪ.

೧೯೯೨ರಲ್ಲಿ ಬೆಲ್ಜಿಯಮ್ಮಿನ ಬ್ರಸೆಲ್ಸ್‌ನ ವೈದ್ಯರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ದುರ್ಬಲವಾದ ವೀರ್ಯಾಣು ಅಂಡವನ್ನು ತಾನಾಗಿ ಹೊಗಲಾರದಿದ್ದರೆ, ಕೂದಲಿಗಿಂತಲೂ ಸಣ್ಣ ಗಾಜಿನ ಸೂಜಿಯಿಂದ ಒಂದೇ ಒಂದು ವೀರ್ಯಾಣುವನ್ನು ನೇರವಾಗಿ ಅಂಡದೊಳಕ್ಕೆ ಇಡುವ ವಿಧಾನವನ್ನು ಅವರು ಆಚರಣೆಗೆ ತಂದರು. ಸಾವಿರಾರು ಮನೆಗಳಿಗೆ ಇದರಿಂದ ಬೆಳಕು ಬಂದಿತು. ಆದರೂ ಕೆಲವು ದಂಪತಿಗಳಲ್ಲಿ, ವೀರ್ಯಾಣುವನ್ನು ಒಳಗಿಟ್ಟ ಮೇಲೂ ಅಂಡಗಳು ಒಂದಾದರೂ ಅಲುಗಲಿಲ್ಲ, ಹಾಗೆಯೇ ಮಲಗಿದ್ದುವು. ಅಂತಹ ಪ್ರಸಂಗಗಳನ್ನು ಪರೀಕ್ಷಿಸಿದಾಗ, ಅನೇಕ ಕಡೆ ವೀರ್ಯಾಣುವಿನಲ್ಲಿ ಪಿಎಲ್‌ಸಿ ಜೀಟಾ ಪ್ರೋಟೀನು ಇರಲೇ ಇಲ್ಲ, ಇಲ್ಲವೆ ಇದ್ದುದು ಕೆಟ್ಟಿತ್ತು. ಗುಂಡುತಲೆಯ ವೀರ್ಯಾಣು ಎಂಬ ಅಪರೂಪದ ದೋಷವುಳ್ಳ ಪುರುಷರಲ್ಲಿ ಈ ಕೊರತೆ ಸಾಮಾನ್ಯ. ಎಣ್ಣೆ ತುಂಬಿದ ಹಣತೆಗಳು ಸಾಲಾಗಿ ಕಾದಿದ್ದುವು, ಕಿಡಿ ಬಂದಿರಲಿಲ್ಲ.

ಇಂತಹವರಿಗಾಗಿ ವೈದ್ಯರು ಕಂಡುಕೊಂಡ ಉಪಾಯ ಲೋಬ್ ಮತ್ತು ಬತಯೋನ್ ಅವರ ಹಳೆಯ ಪ್ರಯೋಗಗಳ ಮೊಮ್ಮಗುವೆಂದೇ ಹೇಳಬಹುದು. ವೀರ್ಯಾಣುವನ್ನು ಒಳಗಿಟ್ಟ ಮೇಲೆ, ಕ್ಯಾಲ್ಸಿಯಮ್ಮಿಗೆ ದಾರಿಮಾಡಿಕೊಡುವ ಔಷಧದ ದ್ರಾವಣದಲ್ಲಿ ಅಂಡವನ್ನು ಕೆಲವು ನಿಮಿಷ ಇರಿಸುತ್ತಾರೆ. ಹೊರಗಿನಿಂದ ಎಬ್ಬಿಸಿದ ಈ ಅಲೆಯಿಂದ ಅಂಡ ಎಚ್ಚತ್ತು, ಆರೋಗ್ಯವಂತ ಮಕ್ಕಳು ಹುಟ್ಟಿದ್ದಾರೆ. ಇದು ಎಲ್ಲರಿಗೂ ಬೇಕಾದ ಚಿಕಿತ್ಸೆಯಲ್ಲ. ಅಂಡ ಏಳದಿರುವುದಕ್ಕೆ ಕಾರಣ ಕಿಡಿಯ ಕೊರತೆಯೆಂದು ಗೊತ್ತಾದಾಗ ಮಾತ್ರ, ಬಲ್ಲ ವೈದ್ಯರ ಸಲಹೆಯಿಂದ ಆಗಬೇಕಾದುದು. ಅಂಡದಲ್ಲಿಯೇ ದೋಷವಿರುವ ಪ್ರಸಂಗಗಳೂ ಉಂಟು. ಹಸುವಿನಲ್ಲಿಯೂ ಸೂಜಿಯಿಂದ ವೀರ್ಯಾಣುವನ್ನು ಇಡುವ ವಿಧಾನ ಇಂತಹ ಹೊರಗಿನ ಪ್ರಚೋದನೆಯಿಲ್ಲದೆ ಹೆಚ್ಚಾಗಿ ಫಲಿಸುವುದಿಲ್ಲವೆಂಬುದು ಪಶುವಿಜ್ಞಾನಿಗಳ ಅನುಭವ.

ಮಕ್ಕಳಾಗದಿರುವುದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಈ ಅಲೆ ಏಳದಿರುವುದು ಒಂದು ಸಣ್ಣ ಪಾಲು ಮಾತ್ರ. ಆದರೆ ಅದು ಕಲಿಸುವ ಪಾಠ ಸಣ್ಣದಲ್ಲ. ಜೀವದ ಆರಂಭದಲ್ಲಿ ಒಬ್ಬರು ಕೊಡುವವರು, ಇನ್ನೊಬ್ಬರು ಬರಿದೆ ಪಡೆಯುವವರು ಎಂಬ ಭೇದವಿಲ್ಲ. ಪರೀಕ್ಷೆಗೆ ಹೋಗಬೇಕಾದಾಗ ಗಂಡಹೆಂಡಿರಿಬ್ಬರೂ ಒಟ್ಟಿಗೆ ಹೋಗಬೇಕು. ಗಂಡನ ಪರೀಕ್ಷೆ ಸುಲಭ, ಖರ್ಚೂ ಕಡಿಮೆ. ಹೆಂಡತಿಯನ್ನು ವರ್ಷಗಟ್ಟಲೆ ಆಸ್ಪತ್ರೆಗಳಿಗೆ ಅಲೆದಾಡಿಸುವ ಮೊದಲೇ ಅದು ನಡೆಯುವುದು ನ್ಯಾಯ. ಹಾಸನದ ಪೇಟೆಯಲ್ಲಾಗಲಿ, ಅರಕಲಗೂಡಿನ ಹಳ್ಳಿಯಲ್ಲಾಗಲಿ, ಇಷ್ಟು ತಿಳಿದ ಅತ್ತೆಯೊಬ್ಬಳು ಸೊಸೆಯ ಕಡೆಗೆ ಬೆರಳು ತೋರುವ ಮುನ್ನ ಮಗನನ್ನೂ ವೈದ್ಯರ ಬಳಿಗೆ ಕಳುಹಿಸಿದಳಾದರೆ, ಆ ಮನೆಯಲ್ಲಿ ಎಷ್ಟೋ ಕಣ್ಣೀರು ಉಳಿದೀತು.